ಗಂಗೆಯ ವಾಲ್ ಇಳಿಜಾರಿಗೆ ಇಳಿಯದೆ ಕಯಾಕ್ ಹೊತ್ತು ನಡೆದೆವು, ಗೆಳೆಯ ಇನ್ನೂ ಮಾತಾಡುತ್ತಿಲ್ಲ

ಹೊಳೆಹುಚ್ಚು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಬರೆಯಬೇಕೋ ಬೇಡವೋ ಅಂತ ಒಂದು ವಾರ ಒದ್ದಾಡಿ ಈಗ ಕೂತಿದ್ದೇನೆ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ದೀಪಾವಳಿ ಮುಗಿದ ಮೇಲೆ ನಾವು ನಾಲ್ಕು ಜನ ಋಷಿಕೇಶಕ್ಕೆ ಹೋಗಿದ್ದೆವು, ಗಂಗೆಯಲ್ಲಿ ಕಯಾಕ್ ಮಾಡೋಕೆ. ರಾಫ್ಟಿಂಗ್ ಅಲ್ಲ. ರಾಫ್ಟ್ ಅಂದರೆ ಗಾಳಿ ತುಂಬಿದ ದೊಡ್ಡ ರಬ್ಬರ್ ದೋಣಿ, ಏಳೆಂಟು ಜನ ಕೂರುತ್ತಾರೆ, ಹಿಂದೆ ಗೈಡ್ ಇರುತ್ತಾನೆ, ಅವನು ಹೇಳಿದ ಹಾಗೆ ಹುಟ್ಟು ಹಾಕಿದರೆ ಆಯ್ತು. ಕಯಾಕ್‌ನಲ್ಲಿ ನೀವೊಬ್ಬರೇ. ಸೊಂಟದಿಂದ ಕೆಳಗೆ ಪೂರ್ತಿ ದೋಣಿಯೊಳಗೆ ತೂರಿಸಿಕೊಂಡು ಕೂತಿರುತ್ತೀರಿ. ಒಳಗೆ ನೀರು ಬರದ ಹಾಗೆ ಸ್ಪ್ರೇ ಸ್ಕರ್ಟ್ ಅಂತ ಒಂದು ರಬ್ಬರ್ ಹೊದಿಕೆ ಹೊಟ್ಟೆಗೂ ದೋಣಿಯ ಬಾಯಿಗೂ ಬಿಗಿಯಾಗಿ ಕೂತಿರುತ್ತೆ. ಮಗುಚಿದರೆ ದೋಣಿ ಮೇಲೆ, ತಲೆ ನೀರೊಳಗೆ. ಅಲ್ಲಿಂದ ಸೊಂಟ ಝಾಡಿಸಿ, ಹುಟ್ಟು ಬೀಸಿ ಮತ್ತೆ ಎದ್ದು ಕೂರುವುದಕ್ಕೆ ರೋಲ್ ಅನ್ನುತ್ತಾರೆ. ರೋಲ್ ಆಗಲಿಲ್ಲ ಅಂದರೆ ಸ್ಕರ್ಟಿನ ಮುಂದೆ ಇರುವ ಲೂಪ್ ಎಳೆದು ಹೊರಗೆ ಬರಬೇಕು.

ಸುಮ್ನೆ ಹೋಗಿ ಇಳಿದವರಲ್ಲ ನಾವು. ಹೋದ ವರ್ಷ ಋಷಿಕೇಶದ ಹತ್ತಿರ ಶಿವಪುರಿಯಲ್ಲಿ ಒಂದು ವಾರ ಕಲಿತು ಬಂದಿದ್ದೆವು. ಬೆಂಗಳೂರಿನಿಂದ ಒಂದು ಹಳೇ ಕಯಾಕ್ ತಂದು, ಲಗೇಜ್ ಆಟೋ ಮೇಲೆ ಕಟ್ಟಿ ಚನ್ನಗಿರಿ ಕಡೆಯ ಗೆಳೆಯನ ಅಡಿಕೆ ತೋಟಕ್ಕೆ ಸಾಗಿಸಿದೆವು. ಅವನ ತೋಟದ ಕೃಷಿ ಹೊಂಡದಲ್ಲಿ ವರ್ಷವಿಡೀ, ತಪ್ಪಿಸದೆ ಭಾನುವಾರ ಭಾನುವಾರ ರೋಲ್ ಅಭ್ಯಾಸ. ಎರಡು ಸಲ ದಾಂಡೇಲಿಗೆ ಹೋಗಿ ಕಾಳಿಯಲ್ಲೂ ಇಳಿದಿದ್ದೇವೆ.

ಈ ಸಲ ಕೌಡಿಯಾಲಾದಿಂದ ಶುರು ಮಾಡಿದೆವು. ಋಷಿಕೇಶಕ್ಕಿಂತ ಸುಮಾರು ಮೂವತ್ತೈದು ಕಿ.ಮೀ. ಮೇಲೆ. ಅದಕ್ಕೂ ಮೇಲೆ ದೇವಪ್ರಯಾಗ, ಭಾಗೀರಥಿ ಅಲಕನಂದಾ ಎರಡೂ ಸೇರಿ ಗಂಗೆ ಅಂತ ಹೆಸರಾಗುವ ಜಾಗ. ನವೆಂಬರಿನಲ್ಲಿ ನೀರು ಗಾಜಿನ ಬಳೆಯ ಹಸಿರು. ಎರಡೂ ಕಡೆ ಬೆಟ್ಟ, ಬೆಳಿಗ್ಗೆ ಹತ್ತಾದರೂ ಬಿಸಿಲು ನದಿಗೆ ಇಳಿದಿರುವುದಿಲ್ಲ. ಕೈ ನೀರಿಗೆ ಇಟ್ಟರೆ ಬೆರಳು ಮರಗಟ್ಟುತ್ತೆ. ಹಿಮ ಕರಗಿ ಬಂದ ನೀರು ಅಂತ ಓದಿ ತಿಳಿಯುವುದು ಬೇರೆ, ಮುಖ ಅದರೊಳಗೆ ಹೋಗುವುದು ಬೇರೆ.

ಶುರುವಾದ ಸ್ವಲ್ಪ ಹೊತ್ತಿಗೇ ಒಂದು ಸಣ್ಣ ಇಳಿಜಾರಿನಲ್ಲಿ, ಅಂದರೆ ನೀರು ಕಲ್ಲುಗಳ ನಡುವೆ ರಭಸವಾಗಿ ಇಳಿಯುವ ಜಾಗದಲ್ಲಿ, ನಮ್ಮ ತೋಟದ ಗೆಳೆಯ ಮಗುಚಿದ. ಎರಡು ಸಲ ರೋಲ್ ಪ್ರಯತ್ನ ಮಾಡಿದ, ಆಗಲಿಲ್ಲ, ಹೊರಗೆ ಬಂದ. ದಂಡೆ ಹತ್ತಿರ ಬಂತು ಅಂತ ಎದ್ದು ನಿಲ್ಲೋಕೆ ಹೋದ. ಕಾಲು ಎರಡು ಕಲ್ಲಿನ ಮಧ್ಯೆ ಸಿಕ್ಕಿಕೊಂಡಿತು. ಜೊತೆಗಿದ್ದ ಗಢವಾಲಿ ಗೈಡ್ ಹತ್ತಿರವೇ ಇದ್ದ, ಅದಕ್ಕೆ ಉಳಿದ. ಅಷ್ಟು ಮಾತ್ರ ಹೇಳ್ತೀನಿ, ಉಳಿದದ್ದು ಅವನೇ ಹೇಳಲಿ.

ಆಮೇಲೆ ಬಂತು ವಾಲ್. ಆ ನದಿಯಲ್ಲಿ ಪ್ರತಿ ಇಳಿಜಾರಿಗೂ ಹೆಸರಿದೆ. ಡೇನಿಯಲ್ಸ್ ಡಿಪ್, ತ್ರೀ ಬ್ಲೈಂಡ್ ಮೈಸ್, ರೋಲರ್ ಕೋಸ್ಟರ್, ಗಾಲ್ಫ್ ಕೋರ್ಸ್. ಅವುಗಳಲ್ಲೆಲ್ಲ ಇದು ದೊಡ್ಡದು, ಗ್ರೇಡ್ ನಾಲ್ಕು. ರಾಫ್ಟುಗಳೂ ಮಗುಚುವ ಜಾಗ. ನಾವೆಲ್ಲ ಒಂದು ವರ್ಷದಿಂದ ಮಾತಾಡಿದ್ದೇ ಇದರ ಬಗ್ಗೆ. ದಂಡೆಗೆ ದೋಣಿ ಹಚ್ಚಿ, ನಾನೂ ಗೈಡೂ ಬಂಡೆ ಹತ್ತಿ ನೋಡಿದೆವು. ಕೆಳಗೆ ಬಂದು ನಾನು, "ಇಳಿಯೋದು ಬೇಡ, ಹೊತ್ತುಕೊಂಡು ಹೋಗೋಣ" ಅಂದೆ.

ಇಪ್ಪತ್ತು ಕಿಲೋ ಹತ್ತಿರದ ದೋಣಿ ಹೆಗಲ ಮೇಲಿಟ್ಟು, ಮನೆಯಷ್ಟು ದೊಡ್ಡ ಬಂಡೆಗಳ ಮೇಲೆ ಮುಕ್ಕಾಲು ಗಂಟೆ ನಡೆದೆವು. ಆಮೇಲೆ ಇಳಿದು ಶಿವಪುರಿವರೆಗೆ ಚೆನ್ನಾಗಿಯೇ ಹೋದೆವು. ಆದರೆ ನಾಲ್ಕನೆಯವನು, ನನ್ನ ಕಾಲೇಜು ದಿನಗಳ ಗೆಳೆಯ, ಅವತ್ತಿನಿಂದ ನನ್ನ ಹತ್ತಿರ ಮಾತಾಡಿಲ್ಲ. ದೆಹಲಿಯಿಂದ ದಾವಣಗೆರೆವರೆಗೆ ರೈಲಿನಲ್ಲಿ ಎದುರು ಸೀಟು. ಮಂಡಕ್ಕಿ ಪೊಟ್ಟಣ ಕೊಟ್ಟರೆ ತೆಗೆದುಕೊಂಡ, ಮಾತಿಲ್ಲ.

ಎರಡು ಸಾವಿರ ಕಿ.ಮೀ. ಮೇಲೆ ಹೋಗಿ ದೊಡ್ಡ ಇಳಿಜಾರು ಬಿಟ್ಟು ಬಂದದ್ದು ತಪ್ಪಾ? ಅನುಭವ ಇದ್ದವರು ಹೇಳಿ.

ಕಾಳಿ ತೀರ, ಈಗ ಹರಿಹರ

ತಪ್ಪಲ್ಲ ಅಣ್ಣ. ನಾನು ಕೆಲವು ವರ್ಷ ದಾಂಡೇಲಿ ಕಡೆ ರಾಫ್ಟ್ ಜೊತೆ ಕೆಲಸ ಮಾಡಿದವನು. ದೋಣಿ ಹೊತ್ತು ನಡೆಯೋದು ಈ ಆಟದ ಒಂದು ಭಾಗ. ಒಳ್ಳೊಳ್ಳೆ ಕೈಗಳು ಹೊತ್ತು ನಡೆಯುವುದನ್ನು ಕಣ್ಣಾರೆ ನೋಡಿದ್ದೇನೆ.

ಗ್ರೇಡ್ ಅಂದರೆ ಒಂದರಿಂದ ಆರರವರೆಗೆ, ಆರು ಅಂದರೆ ಜೀವದ ಆಸೆ ಬಿಟ್ಟು ಇಳಿಯುವಂಥದ್ದು. ಆದರೆ ಜನ ಮರೆಯೋದು ಏನು ಅಂದರೆ ಆ ಅಂಕಿ ಕಲ್ಲಲ್ಲಿ ಕೆತ್ತಿದ್ದಲ್ಲ. ನೀರು ಏರಿದರೆ ಅದೇ ಇಳಿಜಾರು ಬೇರೆಯೇ ಆಗುತ್ತೆ. ಕೆಲವು ಕಡೆ ನೀರು ಜಾಸ್ತಿಯಾದರೆ ಕಲ್ಲು ಮುಳುಗಿ ಸಲೀಸಾಗುತ್ತೆ. ಇನ್ನು ಕೆಲವು ಕಡೆ ಅದೇ ಮುಳುಗಿದ ಕಲ್ಲಿನ ಹಿಂದೆ ನೀರು ವಾಪಸ್ ಮಗುಚಿ ಬೀಳುತ್ತೆ. ಅದಕ್ಕೆ ಹೋಲ್ ಅಂತೀವಿ. ಅದರಲ್ಲಿ ಸಿಕ್ಕ ದೋಣಿಯನ್ನು ರೊಟ್ಟಿ ಮಗುಚಿದ ಹಾಗೆ ಮಗುಚುತ್ತಾ ಅಲ್ಲೇ ಇಟ್ಟುಕೊಳ್ಳುತ್ತೆ.

ನನ್ನದು ಒಂದೇ ಪ್ರಶ್ನೆ. ನೀವು ಬಂಡೆ ಮೇಲೆ ನಿಂತು ನೋಡಿದಾಗ ನೀರು ಏರುತ್ತಿತ್ತಾ, ಇಳಿಯುತ್ತಿತ್ತಾ? ಗುರುತು ಏನಾದರೂ ಇಟ್ಟುಕೊಂಡಿದ್ದಿರಾ?

ಕೋಟೆ ಬಾವಿ, ಚಿತ್ರದುರ್ಗ

ತಮ್ಮಾ, ನಾನು ಈಗ ಅರವತ್ತೆರಡು ದಾಟಿದವನು. ಕಯಾಕ್ ಗೊತ್ತಿಲ್ಲ, ಈಜು ಗೊತ್ತು. ನಾವೆಲ್ಲ ಸೊಂಟಕ್ಕೆ ಸೋರೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಕಲಿತವರು. ಅಪ್ಪ ಮೇಲಿಂದ ಹಗ್ಗ ಹಿಡಿದಿರುತ್ತಿದ್ದರು. ಒಂದು ದಿನ ಹೇಳದೆ ಕೇಳದೆ ಬುರುಡೆ ಬಿಚ್ಚಿದರು, ಅವತ್ತೇ ಈಜು ಬಂತು.

ನನಗೆ ಅರ್ಥ ಆಗದ್ದು ಒಂದು. ನಿಮ್ಮ ಗೆಳೆಯನಿಗೆ ಈಜು ಬರುತ್ತೆ ತಾನೇ? ದಂಡೆ ಹತ್ತಿರ, ಮೊಣಕಾಲುದ್ದ ನೀರು. ಅಲ್ಲಿ ಎದ್ದು ನಿಂತರೆ ಏನು ತಪ್ಪು? ನಾವಾಗಿದ್ದರೆ ಅದನ್ನೇ ಮಾಡುತ್ತಿದ್ದೆವು.

ಕಾಳಿ ತೀರ, ಈಗ ಹರಿಹರ

ಹಿರಿಯರೇ, ಬಾವಿ ನೀರು ನಿಂತಿರುತ್ತೆ, ನಿಮ್ಮನ್ನು ತಳ್ಳುವುದಿಲ್ಲ. ಹೊಳೆ ತಳ್ಳುತ್ತೆ. ನೀರಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತೆ. ಮೊಣಕಾಲುದ್ದ ನೀರಲ್ಲಿ ನಿಂತಾಗ ಪಾದ ಕಲ್ಲಿನ ಸಂದಿಗೆ ಹೋಯ್ತು ಅಂದುಕೊಳ್ಳಿ. ಹಿಂದಿನಿಂದ ನೀರು ಬೆನ್ನಿಗೆ ಬಡಿದು ಮುಂದಕ್ಕೆ ಬಗ್ಗಿಸುತ್ತೆ. ಕಾಲು ಅಲ್ಲೇ, ಮುಖ ನೀರೊಳಗೆ. ಮತ್ತೆ ನೆಟ್ಟಗೆ ಆಗೋಕೆ ಆಗುವುದೇ ಇಲ್ಲ. ಎರಡಡಿ ನೀರಿನಲ್ಲಿ ಒಳ್ಳೆ ಈಜುಗಾರರು ಹೋಗುವುದು ಹೀಗೆ.

ಅದಕ್ಕೇ ಹರಿಯುವ ನೀರಿಗೆ ಬಿದ್ದರೆ ಮಲಗಬೇಕು. ಅಂಗಾತ, ಕಾಲು ಮುಂದೆ, ಹೊಳೆ ಹೋಗುವ ದಿಕ್ಕಿಗೆ, ಪಾದದ ಬೆರಳು ನೀರಿನ ಮೇಲೆ ಕಾಣಬೇಕು. ಬಂಡೆ ಬಂದರೆ ಕಾಲಿನಿಂದ ಒದ್ದು ತಪ್ಪಿಸಬೇಕು. ನಿಂತ ನೀರಿಗೆ ಬಂದ ಮೇಲೆ, ಕೂತರೆ ಕುಂಡೆ ನೆಲಕ್ಕೆ ತಾಗುತ್ತೆ ಅನ್ನುವಷ್ಟು ಕಡಿಮೆ ಆದ ಮೇಲೆ ಏಳಬೇಕು. ಅಲ್ಲಿಯವರೆಗೆ ಇಲ್ಲ. ಇದನ್ನು ಮಕ್ಕಳಿಗೂ ಹೇಳಿಕೊಡಿ ದಯವಿಟ್ಟು.

ಕೋಟೆ ಬಾವಿ, ಚಿತ್ರದುರ್ಗ

ಇಷ್ಟು ವರ್ಷಕ್ಕೆ ಇದು ಗೊತ್ತಿರಲಿಲ್ಲ. ಮೊಮ್ಮಕ್ಕಳಿಗೆ ಇವತ್ತೇ ಹೇಳುತ್ತೇನೆ. ನಮ್ಮ ಕಡೆ ವೇದಾವತಿ ಹರಿಯುವುದೇ ಅಪರೂಪ, ಅದಕ್ಕೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಆಗ ನೋಡೋಕೆ ಜನ ಜಾತ್ರೆ ಹಾಗೆ ಬಂದಿದ್ದರು. ಹರಿಯುವ ನೀರಿನ ಬುದ್ಧಿ ನಮಗೆ ಗೊತ್ತಾಗಬೇಕು ಅಂದರೆ ಎಲ್ಲಿಂದ?

ತೋಟದವ, ಚನ್ನಗಿರಿ

ಮಗುಚಿದವನು ನಾನೇ. ನನ್ನ ಬಾಯಿಂದಲೇ ಬರಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಹೊಂಡದಲ್ಲಿ ನಾನು ಹತ್ತಕ್ಕೆ ಒಂಬತ್ತು ಸಲ ರೋಲ್ ಮಾಡುತ್ತೇನೆ. ಅಲ್ಲಿ ನೀರು ಬೆಚ್ಚಗೆ, ಕಣ್ಣು ಬಿಟ್ಟರೆ ನೀಲಿ ಟಾರ್ಪಾಲ್ ಕಾಣುತ್ತೆ, ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗುತ್ತೆ. ಗಂಗೆಯಲ್ಲಿ ಮಗುಚಿದ ತಕ್ಷಣ ಹಣೆಗೆ ಯಾರೋ ಸುತ್ತಿಗೆಯಿಂದ ಹೊಡೆದ ಹಾಗಾಯಿತು. ಚಳಿ ಅದು. ಎದೆಯಲ್ಲಿದ್ದ ಉಸಿರು ಅರ್ಧ ಅಲ್ಲೇ ಹೋಯ್ತು. ಕಣ್ಣು ಬಿಟ್ಟರೆ ಬರೀ ಬಿಳಿ ನೊರೆ. ಹುಟ್ಟು ಬೀಸಿದೆ, ತಲೆ ಮೊದಲು ಎತ್ತಿದೆ. ಅದೇ ತಪ್ಪು, ರೋಲ್‌ನಲ್ಲಿ ತಲೆ ಕೊನೆಗೆ ಬರಬೇಕು. ಎರಡನೇ ಸಲವೂ ಅದೇ ತಪ್ಪು. ಉಸಿರು ಮುಗಿದಾಗ ಕಲಿತದ್ದು ಯಾವುದೂ ಕೈಗೆ ಬರುವುದಿಲ್ಲ.

ಲೂಪ್ ಹುಡುಕಿದೆ. ಬೆಳಿಗ್ಗೆ ನಮ್ಮ ನಾಲ್ವರಲ್ಲಿ ಒಬ್ಬರಾದ ವಿದ್ಯಾನಗರದ ಅಕ್ಕ ನಮ್ಮೆಲ್ಲರ ಲೂಪ್ ಮುಟ್ಟಿ ಮುಟ್ಟಿ ನೋಡಿದ್ದರು, ಹೊರಗಡೆ ಇದೆಯಾ ಅಂತ. ಅದು ಸ್ಕರ್ಟಿನ ಒಳಗೆ ಮಡಚಿಕೊಂಡರೆ ನೀರೊಳಗೆ ಸಿಗುವುದಿಲ್ಲ. ನನ್ನದು ಹೊರಗೇ ಇತ್ತು. ಎಳೆದೆ, ಬಿಚ್ಚಿತು, ಹೊರಗೆ ಬಂದೆ.

ಆಮೇಲೆ ದಂಡೆ ಕಾಣಿಸಿತು, ಕಾಲಿಗೆ ನೆಲ ಸಿಕ್ಕಿತು. ಶಿವಪುರಿಯಲ್ಲಿ ನೂರು ಸಲ ಹೇಳಿದ್ದರು ನಿಲ್ಲಬೇಡಿ ಅಂತ. ಆದರೆ ಹುಟ್ಟಿದಾಗಿನಿಂದ ನೆಲ ಸಿಕ್ಕರೆ ನಿಂತುಕೊಂಡು ಬಂದ ಕಾಲು ಇದು. ನಿಂತೆ. ಎಡಗಾಲು ಎರಡು ಕಲ್ಲಿನ ನಡುವೆ ಪಾದದವರೆಗೆ ಇಳಿಯಿತು, ಬಾಗಿಲ ಸಂದಿಗೆ ಬೆರಳು ಸಿಕ್ಕ ಹಾಗೆ. ನೀರು ಬೆನ್ನಿಗೆ ಬಂತು. ಗೈಡ್ "ಪೈರ್ ಊಪರ್, ಪೈರ್ ಊಪರ್", ಕಾಲು ಮೇಲೆ ಅಂತ ಕೂಗುತ್ತಿದ್ದದ್ದು ಕೇಳುತ್ತಿತ್ತು, ಕಾಲು ಬರುತ್ತಿರಲಿಲ್ಲ. ಅವನು ತನ್ನ ದೋಣಿ ಬಿಟ್ಟು ಕಲ್ಲಿನ ಮೇಲಿಂದ ನನ್ನ ಜಾಕೆಟಿನ ಹೆಗಲ ಪಟ್ಟಿ ಹಿಡಿದು ಹಿಂದಕ್ಕೆ, ಹೊಳೆಯ ಮೇಲ್ಗಡೆಗೆ ಎಳೆದ. ಮುಂದಕ್ಕಲ್ಲ. ಹೋದ ದಾರಿಯಲ್ಲೇ ಕಾಲು ವಾಪಸ್ ಬರಬೇಕು, ಅದಕ್ಕೆ. ಶೂ ಅಲ್ಲೇ ಉಳಿಯಿತು, ಕಾಲು ಬಂತು. ಎಲ್ಲಾ ಸೇರಿ ಎಷ್ಟು ಹೊತ್ತೋ, ಎರಡು ನಿಮಿಷವೂ ಇರಲಿಕ್ಕಿಲ್ಲ.

ವಾಲ್ ಹತ್ತಿರ ಬರುವ ಹೊತ್ತಿಗೂ ನಾನು ನಡುಗುತ್ತಿದ್ದೆ. ನಡೆಯೋಣ ಅಂದಾಗ ನನಗೆ ದೇವರು ಹೇಳಿದ ಹಾಗಾಯಿತು. ಆದರೆ ನಾನು ಒಬ್ಬ ನಡೆದರೆ ಆಗುತ್ತಿತ್ತು ಅಲ್ವಾ, ಉಳಿದವರು ಇಳಿಯಬಹುದಿತ್ತು ಅಂತ ಈಗಲೂ ಮನಸ್ಸಿಗೆ ಬರುತ್ತೆ.

ಹೊಸ ಹುಟ್ಟು, ದಾವಣಗೆರೆ

ಅಣ್ಣಾ ಓದಿ ಮೈ ಜುಮ್ ಅಂತು. ನನಗೂ ಕಲಿಯೋ ಆಸೆ ಬಂದಿದೆ. ನಮ್ಮ ಹಳ್ಳಿ ಪಕ್ಕದಲ್ಲೇ ಭದ್ರಾ ನಾಲೆ ಹೋಗುತ್ತೆ. ನೀರು ಬಿಟ್ಟಾಗ ಒಳ್ಳೆ ವೇಗ ಇರುತ್ತೆ, ಕಲ್ಲಿಲ್ಲ, ಬಂಡೆ ಇಲ್ಲ. ಅಲ್ಲಿ ಅಭ್ಯಾಸ ಮಾಡಬಹುದಾ?

ಹೊಳೆಹುಚ್ಚು, ದಾವಣಗೆರೆ

ಬೇಡ ತಮ್ಮ. ದಯವಿಟ್ಟು ಬೇಡ.

ನಾಲೆ ನೋಡೋಕೆ ಸಾಧು. ಎರಡೂ ಕಡೆ ಸಿಮೆಂಟು ಇಳಿಜಾರು, ಪಾಚಿ ಕಟ್ಟಿರುತ್ತೆ, ಕೈಗೆ ಹಿಡಿಯೋಕೆ ಏನೂ ಸಿಗಲ್ಲ. ಹೊಳೆಯಲ್ಲಿ ಪ್ರತಿ ಬಂಡೆಯ ಹಿಂದೆಯೂ ನೀರು ತಿರುಗಿ ಮೇಲಕ್ಕೆ ಬರುವ ಒಂದು ಸಮಾಧಾನದ ಜಾಗ ಇರುತ್ತೆ, ಎಡ್ಡಿ ಅಂತಾರೆ ಅದಕ್ಕೆ. ಕಯಾಕ್ ಕಲಿಯೋದು ಅಂದರೆ ಮುಕ್ಕಾಲು ಪಾಲು ಒಂದು ಎಡ್ಡಿಯಿಂದ ಇನ್ನೊಂದು ಎಡ್ಡಿಗೆ ಹೋಗೋದು ಕಲಿಯೋದೇ. ಅಲ್ಲಿ ನಿಂತು ಉಸಿರು ತೆಗೆದುಕೊಂಡು ಮುಂದಿನದನ್ನು ನೋಡಬಹುದು. ನಾಲೆಯಲ್ಲಿ ಅದಿಲ್ಲ. ಒಂದು ಸಲ ಇಳಿದರೆ ಅದು ಎಲ್ಲಿಗೆ ಒಯ್ಯುತ್ತೋ ಅಲ್ಲಿಗೆ. ಮುಂದೆ ತೂಬು, ಸೈಫನ್, ಗೇಟು. ಸೈಫನ್ ಒಳಗೆ ಹೋದ ನೀರು ರಸ್ತೆ ಕೆಳಗಿಂದ ಆಚೆ ಕಡೆ ಬರುತ್ತೆ, ಮನುಷ್ಯ ಬರುವುದಿಲ್ಲ.

ಒಂದು ಲೆಕ್ಕ ಹೇಳ್ತೀನಿ. ನಮ್ಮ ಊರಲ್ಲಿ ಭದ್ರಾ ಡ್ಯಾಂ 186 ಅಡಿ ತುಂಬಿತಾ, ನಾಲೆಗೆ ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ಚಹಾ ಅಂಗಡಿಯಲ್ಲೂ ಮಾತಾಡುತ್ತಾರೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. 35 ಕ್ಯೂಸೆಕ್ ಸೇರಿದರೆ ಸೆಕೆಂಡಿಗೆ ಸಾವಿರ ಲೀಟರ್, ಒಂದು ಟನ್ ನೀರು. ಪ್ರತಿ ಸೆಕೆಂಡಿಗೆ ಒಂದು ಟನ್. ಈಗ ಪೇಪರಿನಲ್ಲಿ ಬರುವ ಕ್ಯೂಸೆಕ್ ಅಂಕಿಯನ್ನು 35ರಿಂದ ಭಾಗಿಸಿ ನೋಡು, ನಿನ್ನ ಮುಂದೆ ಎಷ್ಟು ಟನ್ ಹೋಗುತ್ತಿದೆ ಗೊತ್ತಾಗುತ್ತೆ.

ಹೊಳೆದಂಡೆ, ಹರಿಹರ

ಇದಕ್ಕೆ ನಾನೂ ಒಂದು ಮಾತು ಸೇರಿಸುತ್ತೇನೆ. ನಮ್ಮ ಅಜ್ಜ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದರು. ಬಿದಿರಿನ ಬುಟ್ಟಿ, ಹೊರಗೆ ಚರ್ಮ, ಒಂದೇ ಹುಟ್ಟು. ಎಷ್ಟು ನೀರಿದ್ದರೂ ದಾಟಿಸುತ್ತಿದ್ದ ಮನುಷ್ಯ ಒಡ್ಡಿನ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. "ಬಂಡೆ ಕೂಗಿ ಹೇಳ್ತದೆ, ಒಡ್ಡು ಹೇಳೋದಿಲ್ಲ" ಅನ್ನುತ್ತಿದ್ದರು.

ಪಿಕಪ್, ಚೆಕ್ ಡ್ಯಾಂ, ನಾಲೆಯ ಡ್ರಾಪ್, ಇವೆಲ್ಲ ಒಂದೇ ಜಾತಿ. ಮೂರೋ ನಾಲ್ಕೋ ಅಡಿ ಎತ್ತರದಿಂದ ನೀರು ಒಂದೇ ಸಮ ಬೀಳುತ್ತೆ, ನೋಡೋಕೆ ಬಹಳ ಚಂದ. ಬಿದ್ದ ಜಾಗದಲ್ಲಿ ನೀರು ಕೆಳಗೆ ಹೋಗಿ, ಮೇಲೆ ಬಂದು, ಮತ್ತೆ ಒಡ್ಡಿನ ಕಡೆಗೇ ತಿರುಗುತ್ತೆ. ಈ ದಂಡೆಯಿಂದ ಆ ದಂಡೆವರೆಗೂ ಹಾಗೇ, ತಪ್ಪಿಸಿಕೊಳ್ಳೋಕೆ ಒಂದು ಸಂದಿ ಇರುವುದಿಲ್ಲ. ಅಲ್ಲಿ ಬಿದ್ದ ತೆಂಗಿನಕಾಯಿ ದಿನವಿಡೀ ಅಲ್ಲೇ ಸುತ್ತುವುದನ್ನು ಚಿಕ್ಕಂದಿನಲ್ಲಿ ನೋಡುತ್ತಾ ಕೂತಿದ್ದೇನೆ. ಮಳೆಗಾಲದಲ್ಲಿ ದೇವರಬೆಳಕೆರೆ ಪಿಕಪ್ ತುಂಬಿ ಹರಿದಾಗ ನೋಡೋಕೆ ಹೋಗಿ, ದೂರದಲ್ಲಿ ನಿಂತು ನೋಡಿ, ಮಿರ್ಚಿ ತಿಂದು ಮನೆಗೆ ಬನ್ನಿ. ನೀರಿಗೆ ಮಾತ್ರ ಇಳಿಯಬೇಡಿ.

ಹೊಸ ಹುಟ್ಟು, ದಾವಣಗೆರೆ

ಸರಿ ಅಣ್ಣ, ನಾಲೆ ಕಡೆ ಹೋಗಲ್ಲ. ಹಾಗಾದರೆ ಎಲ್ಲಿ ಶುರು ಮಾಡಲಿ?

ವಿದ್ಯಾನಗರದ ಅಕ್ಕ, ದಾವಣಗೆರೆ

ಮೊದಲು ಈಜುಕೊಳ. ಈಜು ಚೆನ್ನಾಗಿ ಬರಬೇಕು, ಅದರಲ್ಲೂ ಮುಖ ನೀರೊಳಗೆ ಇಟ್ಟು ಗಾಬರಿ ಆಗದೆ ಇರೋದು. ಉಸಿರು ಹಿಡಿದು ನೀರೊಳಗೆ ತಲೆಕೆಳಗಾಗಿ ಹತ್ತು ಎಣಿಸು, ನಿಧಾನಕ್ಕೆ. ಅದು ಬಂದ ಮೇಲೆ ನಿಂತ ನೀರಲ್ಲಿ, ಕಲಿಸುವವರ ಜೊತೆ ದೋಣಿ. ಮಗುಚಿ ಹೊರಗೆ ಬರೋದನ್ನು ಮೊದಲು ಕಲಿ, ರೋಲ್ ಆಮೇಲೆ. ಹೊಳೆಗೆ ಅಂದರೆ ನಮಗೆ ಹತ್ತಿರ ಇರೋದು ಕಾಳಿ. ಸೂಪಾ ಡ್ಯಾಂನಿಂದ ಬಿಡುವ ನೀರಿನ ಮೇಲೆ ನಡೆಯುತ್ತೆ. ಕೊಡಗಿನ ಬರಪೊಳೆ ಮಳೆಗಾಲದ ಹೊಳೆ, ಚಿಕ್ಕಮಗಳೂರು ಕಡೆ ಭದ್ರೆಯೂ ಅಷ್ಟೇ. ಬರಪೊಳೆ ಹೊಸಬರ ಜಾಗ ಅಲ್ಲ, ನಾನು ಈಗಲೂ ಅಲ್ಲಿ ಕಯಾಕ್ ಇಳಿಸಲ್ಲ.

ಇನ್ನು ಹೊಳೆಹುಚ್ಚು, ನಿನಗೆ. ನಾನೂ ಅವತ್ತು ಅಲ್ಲಿದ್ದೆ. ಥ್ರೋ ಬ್ಯಾಗ್ ನನ್ನ ಕೈಯಲ್ಲಿತ್ತು. ಹೊಸಬರಿಗೆ ಹೇಳ್ತೀನಿ, ಅದು ಚೀಲದೊಳಗೆ ಇಪ್ಪತ್ತು ಮೀಟರ್ ಹತ್ತಿರದ ತೇಲುವ ಹಗ್ಗ. ತುದಿ ನಮ್ಮ ಕೈಯಲ್ಲಿ, ಚೀಲ ನೀರಲ್ಲಿರುವವರ ಕಡೆಗೆ ಎಸೆಯಬೇಕು. ಎಸೆಯುವವರು ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು.

ನೀನು ಸರಿಯಾಗಿಯೇ ಮಾಡಿದೆ, ನಡೆಯೋದೇ ಸರಿ ಇತ್ತು. ಆದರೆ ಪೂರ್ತಿ ಸರಿ ಮಾಡಲಿಲ್ಲ. ನೀನು ಬಂಡೆಯಿಂದ ಇಳಿದು ಬಂದು ಒಂದೇ ಮಾತು ಹೇಳಿದೆ. ಏನು ನೋಡಿದೆ ಅಂತ ಹೇಳಲಿಲ್ಲ. ನಾನು ಕೇಳಲಿಲ್ಲ, ಅದು ನನ್ನ ತಪ್ಪು. ನಿನ್ನ ಮುಖ ನೋಡಿ ನಂಬಿದೆ. ಎಲ್ಲರೂ ಹಾಗೆ ನಂಬಬೇಕು ಅಂತ ಇಲ್ಲ. ಮೊದಲು ಕಾಳಿ ತೀರದವರು ಕೇಳಿದ ಪ್ರಶ್ನೆಗೆ ಉತ್ತರ ಕೊಡು.

ಹೊಳೆಹುಚ್ಚು, ದಾವಣಗೆರೆ

ಕೊಡ್ತೀನಿ ಅಕ್ಕಾ.

ನಾನೂ ಗೈಡೂ ಬಂಡೆ ಹತ್ತಿದಾಗ ದಂಡೆಯಿಂದ ನಾಲ್ಕೈದು ಅಡಿ ದೂರದಲ್ಲಿ ಒಂದು ಕಲ್ಲಿತ್ತು. ಎಮ್ಮೆ ನೀರಲ್ಲಿ ಕೂತರೆ ಬೆನ್ನು ಕಾಣುತ್ತಲ್ಲ, ಹಾಗೆ. ಬೆನ್ನು ಪೂರ್ತಿ ಒಣಗಿತ್ತು, ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು, ಮೇಲೆ ಒಂದು ಹಕ್ಕಿ ಬಾಲ ಕುಣಿಸುತ್ತಾ ಕೂತಿತ್ತು. ನಾವು ಅಲೆಗಳನ್ನು ನೋಡುತ್ತಾ ಎಲ್ಲಿಂದ ಇಳಿಯಬೇಕು, ಎಲ್ಲಿ ಬಲಕ್ಕೆ ಎಳೆಯಬೇಕು ಅಂತ ಕೈ ತೋರಿಸಿ ಮಾತಾಡುತ್ತಿದ್ದೆವು. ಒಂದು ದಾರಿ ಕಂಡಿತ್ತು ಕೂಡ. ನಾನು ಆಗ ಇಳಿಯೋದು ಅಂತಲೇ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಯಾಕೋ ಆ ಕಲ್ಲು ನೋಡಿದೆ. ಬೆನ್ನು ಒದ್ದೆಯಾಗಿತ್ತು. ಹಕ್ಕಿ ಇರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನಿಂತೆವು. ಕಲ್ಲಿನ ಮೇಲೆ ನೀರು ತೆಳ್ಳಗೆ ಹಾಳೆ ಹಾಗೆ ಹತ್ತಿ ಇಳಿಯೋಕೆ ಶುರುವಾಯಿತು. ಅರ್ಧ ಗಂಟೆಯೊಳಗೆ ಇಷ್ಟೂ ಆಯಿತು.

ಗೈಡ್ ಹೇಳಿದ, ಮೇಲಿಂದ ಬಿಟ್ಟಿದ್ದಾರೆ ಅಂತ. ಭಾಗೀರಥಿಗೆ ತೆಹ್ರಿ ಡ್ಯಾಂ ಇದೆ, 260 ಮೀಟರ್ ಎತ್ತರ. ಕರೆಂಟಿಗೆ ಬೇಡಿಕೆ ಇದ್ದಾಗ ಟರ್ಬೈನ್ ಓಡಿಸುತ್ತಾರೆ, ನೀರು ಕೆಳಗೆ ಬರುತ್ತೆ. ನಾವು ನೋಡಿಟ್ಟುಕೊಂಡ ದಾರಿಯ ಮಧ್ಯದಲ್ಲಿ ಮೊದಲು ಒಂದು ಅಲೆ ಇತ್ತು, ಅದು ಈಗ ಹಿಂದಕ್ಕೆ ಮಗುಚಿ ಬೀಳುತ್ತಿತ್ತು. ಗೈಡ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅಲ್ಲಿಗೆ ಮುಗಿಯಿತು.

ಇದನ್ನೇ ಕೆಳಗೆ ಬಂದು ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಬಾಯಿ ಒಣಗಿತ್ತು, ಬೆಳಿಗ್ಗೆ ತೋಟದವನ ಕಾಲು ಸಿಕ್ಕಿಕೊಂಡದ್ದು ಕಣ್ಣ ಮುಂದೆಯೇ ಇತ್ತು, ಬೇಗ ಇಲ್ಲಿಂದ ಹೋಗಬೇಕು ಅಂತ ಮಾತ್ರ ತಲೆಯಲ್ಲಿತ್ತು.

ಕಾಳಿ ತೀರ, ಈಗ ಹರಿಹರ

ಏರುವ ನೀರಾದರೆ ಮಾತೇ ಇಲ್ಲ ಅಣ್ಣ. ನೀವು ನೋಡಿದ ಇಳಿಜಾರು, ನೀವು ಇಳಿಯುವ ಹೊತ್ತಿಗೆ ಅಲ್ಲಿ ಇರುವುದೇ ಇಲ್ಲ. ಕಾಳಿಯಲ್ಲೂ ಸೂಪಾ ನೀರು ಬಂದಾಗ ಹೀಗೇ.

ತೋಟದವರಿಗೆ ಒಂದು ಮಾತು. ನೀವೊಬ್ಬರು ನಡೆದು ಉಳಿದವರು ಇಳಿಯಬಹುದಿತ್ತು ಅಂತ ಬರೆದಿದ್ದೀರಿ. ಆಗುತ್ತಿರಲಿಲ್ಲ. ಅಂಥ ಜಾಗದಲ್ಲಿ ಒಬ್ಬರು ಇಳಿಯಬೇಕು ಅಂದರೆ ಕೆಳಗಿನ ಎಡ್ಡಿಯಲ್ಲಿ ಒಂದು ದೋಣಿ ಕಾಯುತ್ತಿರಬೇಕು, ದಂಡೆಯಲ್ಲಿ ಹಗ್ಗ ಹಿಡಿದು ಒಬ್ಬರು ನಿಂತಿರಬೇಕು. ನಾಲ್ಕು ಜನರಲ್ಲಿ ಒಬ್ಬರು ಶೂ ಕಳೆದುಕೊಂಡು ನಡುಗುತ್ತಾ ಕೂತಿದ್ದರೆ ಅವರ ಜೊತೆ ಇನ್ನೊಬ್ಬರು ಇರಬೇಕು. ಉಳಿದವರು ಇಬ್ಬರು, ಗೈಡ್ ಒಬ್ಬ. ಯಾರು ಇಳಿಯೋದು, ಯಾರು ಕಾಯೋದು? ಒಬ್ಬರಿಗೆ ಏಟಾದರೆ ಇಡೀ ಗುಂಪಿನ ಬಲ ಕಮ್ಮಿ ಆಗುತ್ತೆ. ಅದು ನಿಮ್ಮ ತಪ್ಪಲ್ಲ, ಲೆಕ್ಕ ಅಷ್ಟೇ.

ಆದರೆ ಅಕ್ಕ ಹೇಳಿದ್ದು ನಿಜ. ನಮ್ಮಲ್ಲಿ ಒಂದು ಪದ್ಧತಿ ಇತ್ತು, ಇಳಿಯುವವರು ಎಲ್ಲರೂ ತಮ್ಮ ಕಣ್ಣಿಂದ ನೋಡಬೇಕು. ಬೇಡ ಅನ್ನುವವರು ಯಾಕೆ ಬೇಡ ಅಂತ ಜೋರಾಗಿ ಹೇಳಬೇಕು.

ನಾಲ್ಕನೇ ದೋಣಿ, ದಾವಣಗೆರೆ

ಅಕ್ಕ ಫೋನ್ ಮಾಡಿ ಓದು ಅಂದರು. ಮೇಲಿಂದ ಕೆಳಗಿನವರೆಗೆ ಎರಡು ಸಲ ಓದಿದೆ.

ನಾನು ಒಂದು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಈಜುಕೊಳಕ್ಕೆ ಹೋಗಿದ್ದೇನೆ. ಜವಳಿ ಅಂಗಡಿ ಅಪ್ಪನ ಕೈಗೆ ಬಿಟ್ಟು ಹತ್ತು ದಿನ ಹೋಗುವುದು ಅಂದರೆ ನಮ್ಮ ಮನೆಯಲ್ಲಿ ಸಣ್ಣ ಮಾತಲ್ಲ. ದೀಪಾವಳಿ ವ್ಯಾಪಾರ ಮುಗಿಸಿ, ನಿದ್ದೆ ಬಿಟ್ಟು ರೈಲು ಹತ್ತಿದವನು. ನನ್ನ ತಲೆಯಲ್ಲಿ ವಾಲ್ ಒಂದೇ ಇತ್ತು.

ಆದರೆ ನಡೆದದ್ದಕ್ಕೆ ನನಗೆ ಸಿಟ್ಟು ಬಂದಿರಲಿಲ್ಲ. ಇದನ್ನು ನೀನು ತಿಳಿದುಕೊಳ್ಳಬೇಕು ದೋಸ್ತ್. ನಾನು ಕೆಳಗೆ ತೋಟದವನ ಪಕ್ಕ ಕೂತಿದ್ದೆ, ನನ್ನ ಜಾಕೆಟ್ ಅವನಿಗೆ ಹಾಕಿ ಕೈ ಉಜ್ಜುತ್ತಿದ್ದೆ. ನೀನು ಬಂದು "ಹೊತ್ತುಕೊಂಡು ಹೋಗೋಣ" ಅಂದೆ, ತಿರುಗಿ ನಿನ್ನ ದೋಣಿ ಎತ್ತಿಕೊಂಡೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ನನ್ನ ಕೈಯಲ್ಲಿ ಆಗಲ್ಲ ಅಂತ ನೀನೇ ತೀರ್ಮಾನ ಮಾಡಿದ್ದೀಯ ಅಂದುಕೊಂಡೆ. ಹದಿನೈದು ವರ್ಷದ ಸ್ನೇಹದಲ್ಲಿ ಇಷ್ಟೇ ನಂಬಿಕೆಯಾ ಅಂತ ಅನ್ನಿಸಿತು. ರೈಲಿನಲ್ಲಿ ಎಷ್ಟೋ ಸಲ ಕೇಳಿಬಿಡೋಣ ಅಂತ ಬಾಯಿ ತೆರೆದೆ, ಮಾತು ಬರಲಿಲ್ಲ.

ಆ ಕಲ್ಲಿನ ವಿಷಯ ನನಗೆ ಇವತ್ತು ಇಲ್ಲಿ ಓದಿ ಗೊತ್ತಾಯಿತು. ಆ ಎಮ್ಮೆ ಬೆನ್ನು. ದೋಣಿ ದಂಡೆಗೆ ಹಚ್ಚಿದಾಗ ಅದನ್ನು ನಾನೂ ನೋಡಿದ್ದೆ, ಹಕ್ಕಿಯನ್ನೂ ನೋಡಿದ್ದೆ. ಹೊತ್ತು ನಡೆಯುವಾಗ ಮುಖ ತಿರುಗಿಸಿಕೊಂಡು ಹೋದವನು, ಅತ್ತ ನೋಡಲೇ ಇಲ್ಲ. ನೀನು ಹತ್ತು ಹೆಜ್ಜೆ ಕರೆದುಕೊಂಡು ಹೋಗಿ ತೋರಿಸಿದ್ದರೆ ನಾನೇ ಮೊದಲು ದೋಣಿ ಎತ್ತುತ್ತಿದ್ದೆ.

ಹೊಳೆಹುಚ್ಚು, ದಾವಣಗೆರೆ

ನಿನ್ನ ಕೈಯಲ್ಲಿ ಆಗಲ್ಲ ಅಂತ ನಾನು ಒಂದು ಕ್ಷಣವೂ ಅಂದುಕೊಂಡಿಲ್ಲ. ನಮ್ಮ ನಾಲ್ಕು ಜನರಲ್ಲಿ ರೋಲ್ ನಿನ್ನದೇ ಗಟ್ಟಿ. ಇಳಿಯೋದೇ ಆಗಿದ್ದರೆ ಕೆಳಗಿನ ಎಡ್ಡಿಯಲ್ಲಿ ಕಾಯೋಕೆ ನಿನ್ನನ್ನೇ ಮೊದಲು ಕಳಿಸುತ್ತಿದ್ದೆ, ಗೈಡ್ ಹತ್ತಿರ ಅದನ್ನೇ ಮಾತಾಡಿದ್ದೆ. ಇದನ್ನೂ ಹೇಳಲಿಲ್ಲ. ತಪ್ಪಾಯಿತು ದೋಸ್ತ್.

ಕೋಟೆ ಬಾವಿ, ಚಿತ್ರದುರ್ಗ

ಇಬ್ಬರೂ ಎದುರು ಕೂತು ಮಾತಾಡಿ ತಮ್ಮಂದಿರಾ. ಒಂದೇ ಊರಲ್ಲಿದ್ದೀರಿ.

ತೋಟದವ, ಚನ್ನಗಿರಿ

ಭಾನುವಾರ ಬೆಳಿಗ್ಗೆ ಏಳಕ್ಕೆ ತೋಟಕ್ಕೆ ಬನ್ನಿ ಎಲ್ಲರೂ. ಹೊಂಡದಲ್ಲಿ ನೀರು ಮುಕ್ಕಾಲು ಇದೆ. ಟಾರ್ಪಾಲ್ ಜಾರುತ್ತೆ ಅಂತ ಈ ಸಲ ಎರಡು ಕಡೆ ಹಗ್ಗದ ಏಣಿ ಕಟ್ಟಿಸಿದ್ದೇನೆ, ಬೇಲಿ ಬಾಗಿಲಿಗೂ ಬೀಗ ಹಾಕಿಸಿದ್ದೇನೆ, ಕೂಲಿಯವರ ಮಕ್ಕಳು ಆ ಕಡೆ ಬರುತ್ತಾರೆ. ನನ್ನ ಕಾಲಿನ ಊತ ಇಳಿದಿದೆ. ಬೆಳಗಿನ ಜಾವದ ತಣ್ಣೀರಲ್ಲೇ ರೋಲ್ ಮಾಡಬೇಕು ನಾನು, ಬಿಸಿಲು ಬರುವ ಮುಂಚೆ. ತಲೆ ಕೊನೆಗೆ ಎತ್ತೋದು ಕೈ ಕಾಲಿಗೆ ಕೂರುವವರೆಗೆ. ಯಾರಾದರೂ ಪಕ್ಕದಲ್ಲಿ ನಿಂತು ನನ್ನ ಹೆಲ್ಮೆಟ್ ಮೇಲೆ ಕೈ ಇಟ್ಟು ಕೆಳಗೆ ಒತ್ತಿ ಹಿಡಿಯಬೇಕು. ಅಮ್ಮ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಮಾಡುತ್ತಾರಂತೆ.

ಹೊಸ ಹುಟ್ಟು, ನೀನೂ ಬಾ ತಮ್ಮ. ಮೊದಲ ದಿನ ಬರೀ ಮಗುಚಿ ಹೊರಗೆ ಬರೋದು.

ವಿದ್ಯಾನಗರದ ಅಕ್ಕ, ದಾವಣಗೆರೆ

ನಾನು ಬರ್ತೀನಿ. ಹೊಸಬನ ಲೂಪ್ ನಾನೇ ನೋಡ್ತೀನಿ.

ನಾಲ್ಕನೇ ದೋಣಿ, ದಾವಣಗೆರೆ

ಹೆಲ್ಮೆಟ್ ಹಿಡಿಯೋದು ನಾನು. ಥ್ರೋ ಬ್ಯಾಗ್ ನನ್ನ ಮನೆಯಲ್ಲೇ ಇದೆ, ಬಿಸಿಲಿಗೆ ಹಾಕಿ ಒಣಗಿಸಿದ್ದೇನೆ, ತರ್ತೀನಿ. ಹೊಳೆಹುಚ್ಚು, ಆರಕ್ಕೆ ನಿನ್ನ ಮನೆ ಮುಂದೆ ಬೈಕ್ ನಿಲ್ಲಿಸ್ತೀನಿ. ರೆಡಿ ಇರು.